ದುಬಾರಿ ವಾಚು ಕೊಳ್ಳುವ ಮುಂಚೆ ಅದರ ಬೆನ್ನು ನೋಡಿ

ಪ್ರಶ್ನೆ: ನನಗೆ 36 ವರ್ಷ. ಒಂದು ಒಳ್ಳೆಯ ಆಟೋಮ್ಯಾಟಿಕ್ ವಾಚು, ಅಂದರೆ ಸೆಲ್ ಇಲ್ಲದೆ ಕೈ ಆಡಿದಂತೆ ತಾನಾಗಿ ಕೀ ತುಂಬಿಕೊಳ್ಳುವ ವಾಚು, ಕಟ್ಟಬೇಕೆಂದು ಚಿಕ್ಕಂದಿನಿಂದ ಆಸೆ. ಈಗ ಒಂದನ್ನು ನೋಡಿಟ್ಟಿದ್ದೇನೆ. ಸ್ವಿಸ್ ಕಂಪನಿಯದು, ಸರಿಯಾದ ಟೈಮ್ ತೋರಿಸುತ್ತದೆ ಎಂಬ ಕ್ರೋನೋಮೀಟರ್ ಸರ್ಟಿಫಿಕೇಟ್ ಇದೆ. ಬೆಲೆ ನನ್ನ ಮೂರು ತಿಂಗಳ ಸಂಬಳದಷ್ಟು. ದುಡ್ಡು ಕೂಡಿಟ್ಟಿದ್ದೇನೆ, ಸಾಲ ಮಾಡಬೇಕಿಲ್ಲ. "ಟೈಮ್ ನೋಡೋಕೆ ಫೋನ್ ಇದೆಯಲ್ಲ" ಎನ್ನುತ್ತಾಳೆ ಹೆಂಡತಿ. "ತಗೋ, ಮುಂದೆ ಬೆಲೆ ಏರುತ್ತೆ" ಎನ್ನುತ್ತಾನೆ ಗೆಳೆಯ. ಒಂದು ದಿನ ಅದನ್ನು ಮಗಳಿಗೆ ಕೊಡಬೇಕು ಎಂಬ ಆಸೆಯೂ ಇದೆ. ಅಷ್ಟು ದುಡ್ಡು ಹಾಕುವುದು ಸರಿಯೇ?

ಉತ್ತರ: ನಿಮ್ಮ ಹೆಂಡತಿ ಹೇಳಿದ್ದು ನಿಜ. ಗೆಳೆಯರು ಹೇಳಿದ್ದರಲ್ಲಿ ಹೆಚ್ಚಿನದು ತಪ್ಪು. ಮಗಳಿಗೆ ಕೊಡುವ ಆಸೆ ಇದೆಯಲ್ಲ, ಅದು ಖಂಡಿತ ಈಡೇರಬಹುದು. ಆದರೆ ವಾಚು ಕೊಂಡ ಮಾತ್ರಕ್ಕೆ ಈಡೇರುವುದಿಲ್ಲ.

ನಾನು ಮೂವತ್ತು ವರ್ಷದಿಂದ ವಾಚು ಬಿಚ್ಚಿ ಜೋಡಿಸುವ ಕೆಲಸ ಮಾಡುತ್ತಿದ್ದೇನೆ. ಹಾಗಾಗಿ ವಾಚನ್ನು ಬೆನ್ನಿನ ಕಡೆಯಿಂದ ನೋಡಿಯೇ ಅಭ್ಯಾಸ. ಡಯಲ್ ಮೇಲಿನ ಹೆಸರಿಗಿಂತ ಮುಂಚೆ ನನ್ನ ಮನಸ್ಸಿಗೆ ಬರುವುದು ಬೇರೆ ಪ್ರಶ್ನೆ. ಇದು ನಿಂತುಹೋದರೆ ಮತ್ತೆ ಓಡಿಸಲು ಆಗುತ್ತದಾ? ಇನ್ನು 20 ವರ್ಷ ಬಿಟ್ಟು ಇದರ ಬಿಡಿಭಾಗ ಸಿಗುತ್ತದಾ? ಸಿಗುತ್ತದೆ ಎಂದಾದರೆ ಜಾಸ್ತಿ ದುಡ್ಡು ಕೊಡುವುದಕ್ಕೆ ಅರ್ಥವಿದೆ. ಇಲ್ಲದಿದ್ದರೆ ನೀವು ಕೊಡುವುದು ಹೆಸರಿಗೆ ಮಾತ್ರ.

ಮೊದಲು ಟೈಮ್ ವಿಷಯ ಮುಗಿಸಿಬಿಡೋಣ. ಸರಿಯಾದ ಟೈಮ್ ಗೊತ್ತಾದರೆ ಸಾಕು ಎನ್ನುವವರಿಗೆ ದುಬಾರಿ ವಾಚು ಬೇಡವೇ ಬೇಡ. ಸೆಲ್ ಹಾಕುವ ಕ್ವಾರ್ಟ್ಜ್ ವಾಚಿನಲ್ಲಿ ಒಂದು ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಅದುರುತ್ತದೆ. ಆ ಸಂಖ್ಯೆಯನ್ನು 15 ಸಲ ಅರ್ಧ ಮಾಡುತ್ತ ಬಂದರೆ ಸರಿಯಾಗಿ 1 ಉಳಿಯುತ್ತದೆ. ಸೆಕೆಂಡ್ ಮುಳ್ಳು ಒಂದು ಹೆಜ್ಜೆ ಇಡುವುದು ಆ ಲೆಕ್ಕದಲ್ಲಿ. ಇಂಥ ಸಾಧಾರಣ ವಾಚು ತಿಂಗಳಿಗೆ ಸುಮಾರು 15 ಸೆಕೆಂಡ್ ಹಿಂದೆ ಮುಂದೆ ಆಗಬಹುದು, ಅಷ್ಟೇ.

ನೀವು ನೋಡಿಟ್ಟಿರುವ ವಾಚಿನ ಸರ್ಟಿಫಿಕೇಟ್ ಏನು ಹೇಳುತ್ತದೆ ನೋಡಿ. ಸ್ವಿಟ್ಜರ್ಲೆಂಡಿನ ಕ್ರೋನೋಮೀಟರ್ ಪರೀಕ್ಷಾ ಸಂಸ್ಥೆಯನ್ನು ಕೋಸ್ಕ್ ಎನ್ನುತ್ತಾರೆ. ಅಲ್ಲಿ ಪ್ರತಿಯೊಂದು ಮಷೀನನ್ನು, ಅಂದರೆ ವಾಚಿನ ಒಳಗಿನ ಯಂತ್ರವನ್ನು, 15 ದಿನ, ಐದು ಭಂಗಿಯಲ್ಲಿಟ್ಟು, ಮೂರು ಬೇರೆ ಬೇರೆ ತಾಪಮಾನದಲ್ಲಿ ಓಡಿಸಿ ನೋಡುತ್ತಾರೆ. ದಿನಕ್ಕೆ ಸರಾಸರಿ 4 ಸೆಕೆಂಡ್ ಹಿಂದೆ ಬೀಳುವುದರಿಂದ ಹಿಡಿದು 6 ಸೆಕೆಂಡ್ ಮುಂದೆ ಓಡುವವರೆಗೆ ಪಾಸು. ದಿನಕ್ಕೆ 6 ಎಂದರೆ ತಿಂಗಳಿಗೆ ಮೂರು ನಿಮಿಷ. ಮೂರು ತಿಂಗಳ ಸಂಬಳದ ವಾಚು, ಸರ್ಟಿಫಿಕೇಟ್ ಇದ್ದೂ, ತಿಂಗಳಿಗೆ ಮೂರು ನಿಮಿಷ ತಪ್ಪಬಹುದು. ಇದನ್ನು ಓದಿ "ಇಷ್ಟೇನಾ?" ಎನಿಸಿದರೆ ಇಲ್ಲಿಗೇ ನಿಲ್ಲಿಸಿ, ಆ ದುಡ್ಡನ್ನು ಬೇರೆಯದಕ್ಕೆ ಇಟ್ಟುಕೊಳ್ಳಿ. ನಿಜವಾಗಿ ಹೇಳುತ್ತಿದ್ದೇನೆ. ಆಮೇಲೆ ಬೇಸರಪಟ್ಟುಕೊಂಡು ನಮ್ಮ ಹತ್ತಿರ ಬರುವವರಲ್ಲಿ ಹೆಚ್ಚಿನವರು ಇದನ್ನು ಮೊದಲೇ ತಿಳಿದುಕೊಳ್ಳದವರು.

ಆದರೆ ಅದೇ ಲೆಕ್ಕವನ್ನು ಇನ್ನೊಂದು ಕಡೆಯಿಂದ ನೋಡಿ. ದಿನಕ್ಕೆ 86,400 ಸೆಕೆಂಡ್. ಅದರಲ್ಲಿ ಐದಾರು ಸೆಕೆಂಡ್ ತಪ್ಪು. ಸೆಲ್ ಇಲ್ಲ, ಕರೆಂಟ್ ಇಲ್ಲ. ಸುತ್ತಿಟ್ಟ ಒಂದು ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಆ ಓಟಕ್ಕೆ ಲಗಾಮು ಹಾಕುವುದು ಆಚೀಚೆ ತೂಗುವ ಬ್ಯಾಲೆನ್ಸ್ ಚಕ್ರ ಮತ್ತು ಅದರ ಕೂದಲೆಳೆಯಂಥ ಸುರುಳಿ, ಹೇರ್‌ಸ್ಪ್ರಿಂಗ್. ಈಗಿನ ಬಹುಪಾಲು ಆಟೋಮ್ಯಾಟಿಕ್ ವಾಚುಗಳಲ್ಲಿ ಇದು ಗಂಟೆಗೆ 28,800 ಸಲ ಬಡಿಯುತ್ತದೆ, ಸೆಕೆಂಡಿಗೆ ಎಂಟು ಸಲ. ವರ್ಷಕ್ಕೆ ಲೆಕ್ಕ ಹಾಕಿದರೆ 25 ಕೋಟಿ ದಾಟುತ್ತದೆ. ನೀವು ನಡೆದರೂ, ಓಡಿದರೂ, ಕೈ ತಲೆಕೆಳಗೆ ಮಾಡಿ ಮಲಗಿದರೂ ಅದು ಬಡಿಯುತ್ತಲೇ ಇರಬೇಕು. ಮೂವತ್ತು ವರ್ಷ ಆದರೂ, ಕೊಳೆ ತೊಳೆದು ಎಣ್ಣೆ ಹಾಕಿ ಜೋಡಿಸಿದ ಮಷೀನಿನಲ್ಲಿ ಬ್ಯಾಲೆನ್ಸ್ ಚಕ್ರ ಮೊದಲ ಸಲ ತೂಗುವುದನ್ನು ಕಂಡಾಗ ನನಗೆ ಈಗಲೂ ಖುಷಿಯಾಗುತ್ತದೆ.

1969ರ ಡಿಸೆಂಬರ್ 25ರಂದು ಜಪಾನಿನ ಸೀಕೋ ಕಂಪನಿ ಆಸ್ಟ್ರಾನ್ ಎಂಬ ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಟೈಮ್ ಹೇಳುವ ಪೈಪೋಟಿಯಲ್ಲಿ ಸ್ಪ್ರಿಂಗ್ ವಾಚು ಸೋತಿದ್ದು ಅಲ್ಲಿಂದ. ಮುಂದಿನ ಎರಡು ದಶಕದಲ್ಲಿ ಸ್ವಿಸ್ ವಾಚು ಉದ್ಯಮದಲ್ಲಿ ದುಡಿಯುವವರ ಸಂಖ್ಯೆ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಇಳಿಯಿತು. ಅಷ್ಟಾದರೂ ಸ್ಪ್ರಿಂಗ್ ವಾಚು ಉಳಿಯಿತಲ್ಲ, ಅದಕ್ಕೆ ಕಾರಣ ಈ ಬಡಿತವನ್ನು ಇಷ್ಟಪಡುವ ಜನ. ನೀವು ಅವರಲ್ಲಿ ಒಬ್ಬರಾ? ಇದಕ್ಕೆ ಉತ್ತರ ನಿಮಗೇ ಗೊತ್ತಿರುತ್ತದೆ.

ಹೌದು ಎನ್ನುವುದಾದರೆ ಮುಂದಿನದು ದುಡ್ಡಿನ ಪ್ರಶ್ನೆ. ಬೆಲೆ ಮೂರು ಪಟ್ಟಾದರೆ ವಾಚೂ ಮೂರು ಪಟ್ಟು ಒಳ್ಳೆಯದಾಗಿರುತ್ತದಾ? ಇಲ್ಲ. ತೀರಾ ಅಗ್ಗದ ವಾಚಿನಿಂದ ಒಂದು ಹಂತ ಮೇಲೆ ಹೋದಾಗ ವ್ಯತ್ಯಾಸ ಎದ್ದು ಕಾಣುತ್ತದೆ. ಗೀರು ಬೀಳದ ಸಫೈರ್ ಗಾಜು ಬರುತ್ತದೆ. ಗಡಸುತನದ ಅಳತೆಯಲ್ಲಿ ವಜ್ರಕ್ಕೆ 10 ಅಂಕ, ಸಫೈರ್‌ಗೆ 9. ತುಕ್ಕು ಹಿಡಿಯದ ಒಳ್ಳೆಯ 316ಎಲ್ ಸ್ಟೀಲ್ ಬರುತ್ತದೆ, ನಂಬಬಹುದಾದ ಮಷೀನು ಬರುತ್ತದೆ. ಅಲ್ಲಿಂದ ಮೇಲಕ್ಕೆ ಹೋದ ಹಾಗೆ ದುಡ್ಡು ಬೇಗ ಏರುತ್ತದೆ, ವ್ಯತ್ಯಾಸ ನಿಧಾನ ಏರುತ್ತದೆ. ಮುಳ್ಳಿನ ಅಂಚು ಇನ್ನಷ್ಟು ಚೂಪು, ಡಯಲ್ ಇನ್ನಷ್ಟು ನಯ, ಮಷೀನಿನ ಕಣ್ಣಿಗೆ ಬೀಳದ ಮೂಲೆಗೂ ಪಾಲಿಶ್. ಇದೆಲ್ಲ ನಿಜವಾದ ಕೈಕೆಲಸ, ನಾನು ಗೌರವಿಸುತ್ತೇನೆ. ಆದರೆ ಅದನ್ನು ನೋಡಲು ನಿಮಗೆ ಕಣ್ಣು ಬೇಕು, ಮನಸ್ಸು ಬೇಕು. ಒಂದು ಭೂತಗನ್ನಡಿ ಹಿಡಿದು ನೀವು ನೋಡಿಟ್ಟ ವಾಚನ್ನೂ ಅದರ ಅರ್ಧ ಬೆಲೆಯ ಇನ್ನೊಂದನ್ನೂ ಪಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸ ಕಾಣದಿದ್ದರೆ ಅರ್ಧ ಬೆಲೆಯದೇ ನಿಮಗೆ ಸರಿಯಾದ ವಾಚು.

ಇನ್ನೊಂದು ಸಂಗತಿ ಅಂಗಡಿಯಲ್ಲಿ ತಾವಾಗಿ ಹೇಳುವುದಿಲ್ಲ. ಬೇರೆ ಬೇರೆ ಹೆಸರಿನ, ಬೆಲೆಯಲ್ಲಿ ಅಜಗಜಾಂತರ ಇರುವ ವಾಚುಗಳ ಒಳಗೆ ಒಂದೇ ಮಷೀನು ಇರುವುದುಂಟು. ಮಷೀನು ಮಾಡುವ ಈಟಿಎ ಕಂಪನಿಯ 2824, ಅದರದೇ ವಿನ್ಯಾಸದ ಮೇಲೆ ಸೆಲ್ಲಿಟಾ ಎಂಬ ಇನ್ನೊಂದು ಕಂಪನಿ ಮಾಡುವ ಎಸ್‌ಡಬ್ಲ್ಯೂ200, ಇವು ಎಷ್ಟು ಕಂಪನಿಗಳ ವಾಚಿನಲ್ಲಿ ಇವೆ ಎಂದು ಎಣಿಸುವುದು ಕಷ್ಟ. ಇದು ಮೋಸವೇನಲ್ಲ. ನನ್ನಂಥವರ ಕಣ್ಣಿಗೆ ಒಳ್ಳೆಯದೇ. ಇಂಥ ಮಷೀನು ಬಿಚ್ಚಲು ಬರುವವರು ಎಲ್ಲೆಡೆ ಇದ್ದಾರೆ, ಭಾಗಗಳು ಸಿಗುತ್ತವೆ. ಕಂಪನಿ ತನ್ನದೇ ಸ್ವಂತ ಮಷೀನು ಮಾಡಿದೆ ಎಂದರೆ ಜನ ಅದನ್ನೇ ದೊಡ್ಡದು ಎಂದುಕೊಳ್ಳುತ್ತಾರೆ. ಒಳ್ಳೆಯ ಸ್ವಂತ ಮಷೀನುಗಳು ಖಂಡಿತ ಇವೆ. ಆದರೆ ಅದರ ಭಾಗಗಳನ್ನು ಆ ಕಂಪನಿ ಹೊರಗಿನ ರಿಪೇರಿಯವರಿಗೆ ಕೊಡದಿದ್ದರೆ, ನೀವು ಪ್ರತಿ ಸಲವೂ ಅವರ ಬಾಗಿಲಿಗೇ ಹೋಗಬೇಕು, ಅವರು ಹೇಳಿದಷ್ಟು ಕೊಡಬೇಕು. ಈಗ ಹಲವು ವಾಚುಗಳಲ್ಲಿ ಸಿಲಿಕಾನ್ ಹೇರ್‌ಸ್ಪ್ರಿಂಗ್ ಬರುತ್ತಿದೆ. ಅಯಸ್ಕಾಂತಕ್ಕೆ ಅದು ಜಗ್ಗುವುದಿಲ್ಲ, ಬಹಳ ಒಳ್ಳೆಯ ಗುಣ. ಆದರೆ ಲೋಹದ ಸ್ಪ್ರಿಂಗ್ ಡೊಂಕಾದರೆ ಚಿಮಟದಲ್ಲಿ ಹಿಡಿದು ತಿದ್ದಬಹುದು, ಸಿಲಿಕಾನಿನದನ್ನು ತಿದ್ದಲು ಆಗುವುದಿಲ್ಲ. ಮುರಿದರೆ ಹೊಸದೇ ಬೇಕು, ಅದನ್ನು ಕಂಪನಿಯೇ ಕೊಡಬೇಕು.

ಹಾಗಾಗಿ ಕೊಳ್ಳುವ ಮುಂಚೆ ಎರಡು ವಿಷಯ ಬಾಯಿಬಿಟ್ಟು ಕೇಳಿ. ಇದರ ಒಳಗಿರುವ ಮಷೀನು ಯಾವುದು? ಫುಲ್ ಸರ್ವೀಸ್‌ಗೆ ಎಷ್ಟಾಗುತ್ತದೆ, ಯಾರು ಮಾಡುತ್ತಾರೆ, ಎಷ್ಟು ದಿನ ಹಿಡಿಯುತ್ತದೆ? ಎರಡಕ್ಕೂ ನೇರ ಉತ್ತರ ಬರದಿದ್ದರೆ ನಾನಾಗಿದ್ದರೆ ಎದ್ದು ಬರುತ್ತೇನೆ.

ಸರ್ವೀಸ್ ವಿಷಯ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ನಿಮ್ಮ ಮಗಳ ವಾಚು ನಿಂತಿರುವುದು ಇದರ ಮೇಲೆ. ಒಳಗಿನ ಚಕ್ರಗಳ ಅಚ್ಚಿನ ತುದಿಗಳು ತಲೆಗೂದಲಿನಷ್ಟು ಸಣ್ಣ. ಅವು ಕೆಂಪು ಕಲ್ಲುಗಳ ತೂತಿನಲ್ಲಿ ತಿರುಗುತ್ತವೆ. "17 ಜ್ಯುವೆಲ್" ಎಂದು ಹಳೆಯ ಡಯಲ್‌ಗಳ ಮೇಲೆ ಬರೆದಿರುತ್ತಿತ್ತಲ್ಲ, ಆ ಕಲ್ಲುಗಳು ಇವೇ. ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ, ಒಡವೆಯ ಬೆಲೆ ಇಲ್ಲ, ಸವೆಯುವುದಿಲ್ಲ ಎಂದು ಬಳಸುತ್ತಾರೆ. ಕಲ್ಲಿಗೂ ಅಚ್ಚಿಗೂ ನಡುವೆ ಒಂದು ಹನಿಯ ಚೂರಿನಷ್ಟು ಎಣ್ಣೆ ಇರುತ್ತದೆ. ಕೆಲವು ವರ್ಷದಲ್ಲಿ ಆ ಎಣ್ಣೆ ಹರಿದುಹೋಗುತ್ತದೆ, ಇಲ್ಲವೇ ಅಂಟಾಗುತ್ತದೆ. ಆಮೇಲೂ ವಾಚು ಓಡುತ್ತದೆ. ಅಪಾಯ ಇರುವುದೇ ಇಲ್ಲಿ. ಓಡುತ್ತಿದೆಯಲ್ಲ ಎಂದು ಜನ ಸುಮ್ನೆ ಕಟ್ಟಿಕೊಂಡು ತಿರುಗುತ್ತಾರೆ. ಒಳಗೆ ಸವೆದ ಸ್ಟೀಲಿನ ಪುಡಿ ಹಳೆಯ ಎಣ್ಣೆಯಲ್ಲಿ ಕಲೆತು ಉಜ್ಜುವ ಪೇಸ್ಟಿನಂತೆ ಆಗಿರುತ್ತದೆ. ನಮ್ಮ ಹತ್ತಿರ ಬರುವ ಹೊತ್ತಿಗೆ ತೊಳೆದು ಎಣ್ಣೆ ಹಾಕಿದರೆ ಆಗುತ್ತಿದ್ದ ಕೆಲಸ, ನಾಲ್ಕು ಭಾಗ ಬದಲಾಯಿಸುವ ಕೆಲಸವಾಗಿರುತ್ತದೆ.

ಒಮೆಗಾದಂಥ ಕಂಪನಿ 5ರಿಂದ 8 ವರ್ಷಕ್ಕೊಮ್ಮೆ ಸರ್ವೀಸ್ ಮಾಡಿಸಿ ಎನ್ನುತ್ತದೆ, ರೋಲೆಕ್ಸ್ ಸುಮಾರು 10 ವರ್ಷ ಎನ್ನುತ್ತದೆ. ನಿಮ್ಮ ಮಗಳು ದೊಡ್ಡವಳಾಗುವ ಹೊತ್ತಿಗೆ ಎರಡೋ ಮೂರೋ ಸರ್ವೀಸ್ ಆಗಿರಬೇಕು. ಆ ಖರ್ಚನ್ನು ಈಗಲೇ ವಾಚಿನ ಬೆಲೆಗೆ ಕೂಡಿಸಿ. ಕೂಡಿಸಿದ ಮೇಲೂ ಕೈಗೆಟುಕುತ್ತದಾ? ಎಟುಕದಿದ್ದರೆ ಒಂದು ಹಂತ ಕೆಳಗಿನ ವಾಚು ಕೊಂಡು ಅದನ್ನು ಚೆನ್ನಾಗಿ ನೋಡಿಕೊಳ್ಳಿ. ನೋಡಿಕೊಳ್ಳದ ದೊಡ್ಡ ವಾಚಿಗಿಂತ ಅದು ಹೆಚ್ಚು ದಿನ ಬಾಳುತ್ತದೆ. ಸ್ಟಾಪ್‌ವಾಚಿನ ಎರಡು ಗುಂಡಿ ಇರುವ ಕ್ರೋನೋಗ್ರಾಫ್ ಆದರೆ ಭಾಗಗಳು ಹೆಚ್ಚು, ಸರ್ವೀಸ್ ಖರ್ಚೂ ಹೆಚ್ಚು. ದಿನವೂ ಉಪಯೋಗಿಸುವುದಿಲ್ಲ ಎಂದಾದರೆ ಗಂಟೆ, ನಿಮಿಷ, ಸೆಕೆಂಡ್, ತಾರೀಖು ತೋರಿಸುವ ಸರಳ ವಾಚೇ ಸಾಕು. ಟೂರ್ಬಿಯೋನ್ ಎಂಬ ಹೆಸರು ಕೇಳಿರಬಹುದು, ಬ್ಯಾಲೆನ್ಸ್ ಚಕ್ರವನ್ನೇ ಒಂದು ಪುಟ್ಟ ಪಂಜರದಲ್ಲಿಟ್ಟು ತಿರುಗಿಸುತ್ತಿರುವ ಏರ್ಪಾಡು. 1801ರಲ್ಲಿ ಅಬ್ರಹಾಂ ಲೂಯಿ ಬ್ರೆಗೆ ಎಂಬ ವಾಚು ತಯಾರಕ ಅದಕ್ಕೆ ಪೇಟೆಂಟ್ ಪಡೆದಾಗ ಜನ ವಾಚನ್ನು ಜೇಬಿನಲ್ಲಿ ನೆಟ್ಟಗೆ ನಿಲ್ಲಿಸಿಡುತ್ತಿದ್ದರು. ಒಂದೇ ಭಂಗಿಯಿಂದ ಬರುವ ತಪ್ಪು ಹೋಗಲಿ ಎಂದು ಮಾಡಿದ ಉಪಾಯ ಅದು. ಸದಾ ಆಡುವ ಕೈಯಲ್ಲಿ ಅದರ ಅಗತ್ಯ ಬಹಳ ಕಡಿಮೆ. ನೋಡಲು ಬಹಳ ಚೆಂದ, ಬೆಲೆ ಮಾತ್ರ ಆಕಾಶದಲ್ಲಿ.

ನನ್ನ ಮೇಜಿನ ಮೇಲೆ ಬಂದ ಎರಡು ವಾಚುಗಳ ಕತೆ ಹೇಳುತ್ತೇನೆ. ಒಬ್ಬರು ಬಟ್ಟೆಬರೆಗೆ ಹೆಸರಾದ ಒಂದು ಬ್ರ್ಯಾಂಡಿನ ವಾಚು ತಂದಿದ್ದರು. ಬಹಳ ದುಡ್ಡು ಕೊಟ್ಟಿದ್ದರು, ಮದುವೆ ದಿನ ಕಟ್ಟಿದ್ದಂತೆ. ಹೊಸ ಸೆಲ್ ಹಾಕಿದರೂ ಓಡಲಿಲ್ಲ. ಬಿಚ್ಚಿದರೆ ಒಳಗಿದ್ದದ್ದು ತೀರಾ ಸಾಧಾರಣ ಕ್ವಾರ್ಟ್ಜ್ ಮಷೀನು, ಸರ್ಕ್ಯೂಟ್ ಸುಟ್ಟಿತ್ತು. ಅದೇ ಅಳತೆಯ ಇನ್ನೊಂದು ಮಷೀನು ಹಾಕಿ ಓಡಿಸಿಕೊಟ್ಟೆ. ಆ ಮಷೀನಿನ ಬೆಲೆ ಅವರ ವಾಚಿನ ಬೆಲ್ಟಿಗಿಂತ ಕಡಿಮೆ ಎಂದು ತಿಳಿದಾಗ ಅವರ ಮುಖ ಸಪ್ಪಗಾಯಿತು. ನನಗೂ ಸಂಕಟವಾಯಿತು.

ಇನ್ನೊಬ್ಬರು ತಮ್ಮ ತಂದೆಯ ಕೀ ಕೊಡುವ ವಾಚು ತಂದಿದ್ದರು. ತಂದೆ ತೀರಿಕೊಂಡ ಮೇಲೆ ಇಪ್ಪತ್ತು ವರ್ಷ ಬೀರುವಿನಲ್ಲೇ ಇತ್ತು. ಕೀ ತಿರುಗುತ್ತಿರಲಿಲ್ಲ. ಹೆಚ್ಚು ಬೆಲೆಯ ವಾಚೇನೂ ಅಲ್ಲ, ಆದರೆ ಪ್ರತಿಯೊಂದು ಭಾಗವೂ ಬಿಚ್ಚಿ ತೆಗೆಯಲು ಬರುವಂಥದ್ದು. ಎಣ್ಣೆ ಗಟ್ಟಿಯಾಗಿ ಕಂದು ಕಲೆಯಾಗಿತ್ತು. ತೊಳೆದು, ವಾಚನ್ನು ಓಡಿಸುವ ಮೇನ್‌ಸ್ಪ್ರಿಂಗ್ ಬದಲಾಯಿಸಿ, ಹೊಸ ಎಣ್ಣೆ ಹಾಕಿದೆ. ಓಡಿತು. ಅವರು ಕಿವಿಗೆ ಹಿಡಿದು ಬಹಳ ಹೊತ್ತು ಸುಮ್ಮನೆ ನಿಂತಿದ್ದರು. ಆ ಎರಡು ವಾಚುಗಳನ್ನು ನಾನು ಮರೆತಿಲ್ಲ. ನಿಮಗೆ ಹೇಳುತ್ತಿರುವುದೆಲ್ಲ ಅವುಗಳಿಂದ ಕಲಿತದ್ದೇ. ಪಾಟೆಕ್ ಫಿಲಿಪ್ ಕಂಪನಿ ತಾನು 1839ರಿಂದ ಮಾಡಿದ ಯಾವುದೇ ವಾಚನ್ನು ರಿಪೇರಿ ಮಾಡಿಕೊಡುತ್ತೇನೆ ಎನ್ನುತ್ತದೆ. ಅವರ ಬೆಲೆ ನಮ್ಮ ನಿಮ್ಮಂಥವರಿಗೆ ಎಟುಕುವುದಿಲ್ಲ. ಆದರೆ ಎಷ್ಟೇ ಬೆಲೆಯ ವಾಚಾದರೂ ಕಂಪನಿಯನ್ನು ಅಳೆಯಬೇಕಾದ್ದು ಇಂಥ ಮಾತಿನಿಂದ.

ಈಗ ಗೆಳೆಯರ ಮಾತಿಗೆ ಬರುತ್ತೇನೆ. 2017ರಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ಹರಾಜಿನಲ್ಲಿ ಸುಮಾರು 1 ಕೋಟಿ 77 ಲಕ್ಷ ಡಾಲರ್‌ಗೆ ಹೋಯಿತು. ಇಂಥ ಸುದ್ದಿ ಓದಿದವರಿಗೆ ವಾಚು ಎಂದರೆ ಬಂಗಾರ ಎನಿಸುತ್ತದೆ. ಅಲ್ಲಿ ಆ ಬೆಲೆ ಬಂದದ್ದು ಕಟ್ಟಿದ ಮನುಷ್ಯನಿಂದ. ಬೆರಳೆಣಿಕೆಯ ಕೆಲವು ಮಾಡೆಲ್‌ಗಳು ಕೊಂಡ ಬೆಲೆಗಿಂತ ಹೆಚ್ಚಿಗೆ ಹೋಗುತ್ತವೆ, ನಿಜ. ಅವೂ ಸದಾ ಏರುತ್ತಲೇ ಇರುವುದಿಲ್ಲ. 2022ರ ಆರಂಭದಲ್ಲಿ ಸೆಕೆಂಡ್ ಹ್ಯಾಂಡ್ ಬೆಲೆಗಳು ತುತ್ತತುದಿಗೆ ಹೋಗಿ ಆಮೇಲೆ ಚೆನ್ನಾಗಿಯೇ ಬಿದ್ದವು, ತುದಿಯಲ್ಲಿ ಕೊಂಡವರು ಕೈ ಸುಟ್ಟುಕೊಂಡರು. ಉಳಿದ ಬಹುಪಾಲು ವಾಚುಗಳ ಬೆಲೆ ಅಂಗಡಿಯಿಂದ ಹೊರಗೆ ಬಂದ ಕೂಡಲೇ ಇಳಿಯುತ್ತದೆ. ಮಾರಿದರೆ ಏನು ಬರುತ್ತದೆ ಎಂದು ಯೋಚಿಸುತ್ತ ಕಟ್ಟಿದ ವಾಚು ಕೈಯಲ್ಲಿ ಹಾಯಾಗಿ ಕೂರುವುದಿಲ್ಲ. ಒಂದು ಗೀರು ಬಿದ್ದರೂ ನಿದ್ದೆ ಬರುವುದಿಲ್ಲ. ಬೀರುವಿನಲ್ಲೇ ಇಡುತ್ತೀರಿ. ಹೂಡಿಕೆ ಬೇಕಾದರೆ ಅದಕ್ಕೆ ಬೇರೆ ದಾರಿಗಳಿವೆ.

ಬೆಲೆ ಇಳಿಯುವ ಈ ಗುಣ ನಿಮಗೆ ಲಾಭವೂ ಆಗಬಹುದು. ನೀವು ನೋಡಿಟ್ಟ ಅದೇ ಮಾಡೆಲ್ ಎರಡು ಮೂರು ವರ್ಷ ಹಳೆಯದಾದರೆ ಸಾಕಷ್ಟು ಕಡಿಮೆಗೆ ಸಿಗಬಹುದು. ಆದರೆ ಇಲ್ಲಿ ವಾಚಿಗಿಂತ ಮೊದಲು ಮಾರುವವರನ್ನು ನೋಡಿ. ಹಿಂಬದಿ ಮುಚ್ಚಳ ಬಿಚ್ಚಿ ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ಈಗಿನ ಡ್ಯೂಪ್ಲಿಕೇಟ್‌ಗಳು ಡಯಲ್ ನೋಡಿದರೆ ಗೊತ್ತಾಗದಷ್ಟು ಚೆನ್ನಾಗಿ ಬರುತ್ತಿವೆ, ಮಷೀನು ನೋಡಿದರೆ ಗುಟ್ಟು ರಟ್ಟಾಗುತ್ತದೆ. ಕೇಸಿನ ಅಂಚುಗಳು ಚೂಪಾಗಿರದೆ ಸೋಪಿನಂತೆ ದುಂಡಗಾಗಿದ್ದರೆ ತುಂಬಾ ಸಲ ಪಾಲಿಶ್ ಆಗಿದೆ ಎಂದರ್ಥ. ಪಾಲಿಶ್ ಎಂದರೆ ಲೋಹವನ್ನು ಉಜ್ಜಿ ತೆಗೆಯುವುದು. ಹೋದ ಅಂಚು ಸುಲಭಕ್ಕೆ ವಾಪಸ್ ಬರುವುದಿಲ್ಲ.

ಇನ್ನು ಕೈಯ ವಿಷಯ. ವಾಚಿನ ಅಗಲವನ್ನು ಎಲ್ಲರೂ ಕೇಳುತ್ತಾರೆ. ಅದಕ್ಕಿಂತ ಮುಖ್ಯ, ಬೆಲ್ಟ್ ಸಿಕ್ಕಿಸುವ ಮೇಲಿನ ಕಿವಿಯಿಂದ ಕೆಳಗಿನ ಕಿವಿಯವರೆಗಿನ ಉದ್ದ. ಅದು ನಿಮ್ಮ ಮಣಿಕಟ್ಟನ್ನು ಮೀರಿ ಹೊರಗೆ ಚಾಚಿದರೆ ಎಷ್ಟು ಒಳ್ಳೆಯ ವಾಚಾದರೂ ದಿನವೂ ಕಿರಿಕಿರಿ. ಅಂಗಡಿಯಲ್ಲಿ ಕಾಲು ಗಂಟೆ ಕಟ್ಟಿಕೊಂಡು ಓಡಾಡಿ. ಅಂಗಿಯ ತೋಳು ಇಳಿಬಿಟ್ಟು ನೋಡಿ. ಮಗಳ ಕೈ ನೆನಪಿರಲಿ. ತೀರಾ ದಪ್ಪ, ದೊಡ್ಡ ವಾಚು ಕೊಂಡರೆ ಅವಳು ಅದನ್ನು ಡಬ್ಬಿಯಲ್ಲೇ ಇಟ್ಟುಬಿಡಬಹುದು. 36ರಿಂದ 38 ಮಿಲಿಮೀಟರ್ ಅಗಲದ್ದು ಹೆಚ್ಚಿನವರ ಕೈಗೆ ಒಪ್ಪುತ್ತದೆ.

ನೀರು: 30 ಮೀಟರ್ ಎಂದು ಬರೆದಿದ್ದರೆ ಕೈ ತೊಳೆಯುವಾಗ ಹನಿ ಬಿದ್ದರೆ ತಡೆಯುತ್ತದೆ, ಅಷ್ಟೇ. ಈಜುವವರಿಗೆ 100 ಮೀಟರಿನದು ಬೇಕು. ಒಳಗಿನ ರಬ್ಬರ್ ರಿಂಗು ವಯಸ್ಸಾದಂತೆ ಬಿಗಿ ಕಳೆದುಕೊಳ್ಳುತ್ತದೆ, ಬಿಸಿನೀರು ಸೋಪು ಅದಕ್ಕೆ ಆಗಿಬರುವುದಿಲ್ಲ. ಅಯಸ್ಕಾಂತ: ಫೋನಿನ ಕವರ್, ಸ್ಪೀಕರ್ ಹತ್ತಿರ ಇಡಬೇಡಿ. ಒಂದು ದಿನ ಇದ್ದಕ್ಕಿದ್ದಂತೆ ವಾಚು ನಿಮಿಷಗಟ್ಟಲೆ ಮುಂದೆ ಓಡಿದರೆ ಹೇರ್‌ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರಬಹುದು. ಹೆದರಬೇಡಿ, ಅದನ್ನು ನಾವು ಅರೆ ನಿಮಿಷದಲ್ಲಿ ಸರಿ ಮಾಡುತ್ತೇವೆ. ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ತಾರೀಖು ತಿರುಗಿಸಬೇಡಿ, ಬಹಳ ಮಷೀನುಗಳಲ್ಲಿ ಆ ಹೊತ್ತಿಗೆ ತಾರೀಖಿನ ಹಲ್ಲು ಕಚ್ಚಿಕೊಂಡಿರುತ್ತದೆ.

ಕೊನೆಗೆ ನಿಮ್ಮ ವಾಚಿನ ಬಗ್ಗೆ ನನ್ನ ಅಭಿಪ್ರಾಯ. ಸಾಲ ಮಾಡುತ್ತಿಲ್ಲ, ಚಿಕ್ಕಂದಿನ ಆಸೆ, ಸರ್ಟಿಫಿಕೇಟ್ ಇರುವ ಮಷೀನು. ಇಷ್ಟಾದರೆ ನಾನು ಬೇಡ ಎನ್ನುವುದಿಲ್ಲ. ಆದರೆ ಇದೇ ವಾರ ಕೊಳ್ಳಬೇಡಿ. ಮೂರು ತಿಂಗಳು ಕಾಯಿರಿ. ಅಷ್ಟರೊಳಗೆ ಆ ಎರಡು ಪ್ರಶ್ನೆಗಳಿಗೆ ಉತ್ತರ ತನ್ನಿ, ಸೆಕೆಂಡ್ ಹ್ಯಾಂಡ್ ಬೆಲೆ ನೋಡಿ, ಹೆಂಡತಿಯನ್ನು ಒಂದು ಸಲ ಅಂಗಡಿಗೆ ಕರೆದುಕೊಂಡು ಹೋಗಿ ವಾಚಿನ ಬೆನ್ನು ತೋರಿಸಿ. ಅದು ಗಾಜಿನದಾಗಿದ್ದರೆ ಬ್ಯಾಲೆನ್ಸ್ ಚಕ್ರ ತೂಗುವುದು ಕಾಣುತ್ತದೆ. ಯಾರಿಗೂ ತೋರಿಸಲು ಆಗದಿದ್ದರೂ, ಮುಂದೆ ಮಾರಲು ಆಗದಿದ್ದರೂ ಇದೇ ಬೇಕು ಎಂದು ಮೂರು ತಿಂಗಳಾದ ಮೇಲೂ ಅನಿಸಿದರೆ ತೆಗೆದುಕೊಳ್ಳಿ. ಆಮೇಲೆ ದಿನವೂ ಕಟ್ಟಿ.

ಮೊದಲ ದಿನದಿಂದಲೇ ತಿಂಗಳಿಗೆ ಒಂದಿಷ್ಟು ಸರ್ವೀಸ್‌ಗೆಂದು ಬೇರೆ ಇಡಿ. ಬಿಲ್ಲು, ಸರ್ಟಿಫಿಕೇಟ್, ಸರ್ವೀಸ್ ಮಾಡಿಸಿದ ಚೀಟಿಗಳು ಎಲ್ಲವನ್ನೂ ಡಬ್ಬಿಯಲ್ಲೇ ಇಡಿ. ನಮ್ಮ ಕಸುಬಿನಲ್ಲಿ ಒಂದು ಹಳೆಯ ರೂಢಿ ಇದೆ. ವಾಚು ಸರ್ವೀಸ್ ಮಾಡಿದವರು ಹಿಂಬದಿ ಮುಚ್ಚಳದ ಒಳಮೈಯಲ್ಲಿ ಸೂಜಿಯಂಥ ಮೊನೆಯಿಂದ ತಾರೀಖು, ತಮ್ಮ ಗುರುತು ಗೀಚುತ್ತಿದ್ದರು. ಕಟ್ಟುವವರಿಗೆ ಅದು ಎಂದೂ ಕಾಣುವುದಿಲ್ಲ. ಆ ಬೀರುವಿನ ವಾಚಿನಲ್ಲಿ ಅಂಥ ನಾಲ್ಕು ಗುರುತುಗಳಿದ್ದವು, ನಾಲ್ಕೂ ಬೇರೆ ಬೇರೆ ಕೈಗಳದು. ನಾನು ಐದನೆಯದನ್ನು ಹಾಕಿ ಮುಚ್ಚಳ ತಿರುಗಿಸಿದೆ.